ಆಲ್ಝೈಮರ್ ಎಷ್ಟು ಬೇಗ ಜಾಸ್ತಿ ಆಗುತ್ತೆ? ಮನೆಯವರ ಹತ್ತಿರ ಇರೋ ಲೆಕ್ಕ

(ಬಳ್ಳಾರಿಯಲ್ಲಿ ನಿವೃತ್ತ ನೌಕರರು ಮತ್ತು ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿ ಕೆಡಬಾರದು ಅಂತ ಜಾಸ್ತಿ ತಿದ್ದಿಲ್ಲ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಲ್ಝೈಮರ್ ಅಂದರೇನು ಅನ್ನುವುದರಿಂದ ಶುರು ಮಾಡಿ ಅಂತ ಹೇಳಿದ್ದರು. ಅದನ್ನು ಬೇಗ ಮುಗಿಸುತ್ತೇನೆ. 1906ರಲ್ಲಿ ಜರ್ಮನಿಯ ಡಾಕ್ಟರ್ ಅಲೋಯಿಸ್ ಆಲ್ಝೈಮರ್ ತಮ್ಮ ಒಬ್ಬ ರೋಗಿ ತೀರಿಕೊಂಡ ಮೇಲೆ ಅವರ ಮೆದುಳನ್ನು ಪರೀಕ್ಷೆ ಮಾಡಿ, ಒಳಗೆ ಎರಡು ಥರದ ಕಸ ಕೂತಿದ್ದನ್ನು ಹೇಳಿದರು. ನರಕೋಶಗಳ ಹೊರಗೆ ಅಮಿಲಾಯ್ಡ್ ಅನ್ನುವ ಪ್ರೋಟೀನ್, ಒಳಗೆ ಟೌ ಅನ್ನುವ ಪ್ರೋಟೀನ್. ಮರೆವಿನ ಕಾಯಿಲೆಗಳು ಹಲವು, ಅದರಲ್ಲಿ ಇದೇ ದೊಡ್ಡ ಪಾಲು. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಸುಮಾರು 7 ಜನರಿಗೆ ಇಂಥ ಯಾವುದಾದರೊಂದು ಕಾಯಿಲೆ ಇದೆ ಅಂತ 2023ರ ಒಂದು ದೊಡ್ಡ ಸಮೀಕ್ಷೆಯ ಅಂದಾಜು. ಅಂದರೆ 88 ಲಕ್ಷ ಜನ.

ಇಷ್ಟು ಸಾಕು. ಯಾಕಂದ್ರೆ ಇಲ್ಲಿ ಕೂತಿರುವ ಹಲವರ ಮನೆಯಲ್ಲಿ ಅದು ಆಗಲೇ ಇದೆ, ಅವರಿಗೆ ಅದೇನು ಅಂತ ನಾನು ಹೇಳಿಕೊಡುವ ಅಗತ್ಯ ಇಲ್ಲ. ಅವರು ಕೇಳುವುದೇ ಬೇರೆ. ಸಿರುಗುಪ್ಪದಿಂದ ಬಂದವರೂ ಅದನ್ನೇ ಕೇಳುತ್ತಾರೆ, ಸಿಂಧನೂರಿನವರೂ ಅದನ್ನೇ. "ಸ್ಕ್ಯಾನ್ ಮಾಡಿಸೀವ್ರಿ, ರಿಪೋರ್ಟೂ ಐತಿ. ಇನ್ನ ಎಷ್ಟು ವರ್ಷ ನಮ್ಮನ್ನ ಗುರುತು ಹಿಡೀತಾರ ಅದನ್ನ ಹೇಳ್ರಿ." ಇವತ್ತಿನ ಮಾತು ಅದರ ಬಗ್ಗೆ ಮಾತ್ರ.

ನೇರವಾಗಿ ಹೇಳಿಬಿಡುತ್ತೇನೆ. ಆ ಉತ್ತರ ಸ್ಕ್ಯಾನ್‌ನಲ್ಲಿ ಇಲ್ಲ. ಅರ್ಧಂಬರ್ಧ ಉತ್ತರ ಇರುವುದು ನಿಮ್ಮ ಹತ್ತಿರ.

ಮೊದಲು ಸರಾಸರಿ ಲೆಕ್ಕ. 65 ದಾಟಿದವರಲ್ಲಿ ಕಾಯಿಲೆ ಪತ್ತೆಯಾದ ಮೇಲೆ ಸರಾಸರಿ 4ರಿಂದ 8 ವರ್ಷ ಬದುಕುತ್ತಾರೆ ಅಂತ ಪುಸ್ತಕಗಳು ಹೇಳುತ್ತವೆ. 20 ವರ್ಷ ಇದ್ದವರೂ ಇದ್ದಾರೆ. ಈಗ ನೀವೇ ಹೇಳಿ, 4ರಿಂದ 20ರ ನಡುವೆ ಎಲ್ಲೋ ಒಂದು ಕಡೆ ಅಂದರೆ ಅದು ಉತ್ತರವಾ? ಮನೆ ಕಟ್ಟಿಸೋದಾ ಬೇಡವಾ, ಮಗಳು ಕೆಲಸ ಬಿಡಬೇಕಾ ರಜೆ ಹಾಕಿದರೆ ಸಾಕಾ, ಇದನ್ನೆಲ್ಲ ಸರಾಸರಿ ಇಟ್ಟುಕೊಂಡು ತೀರ್ಮಾನ ಮಾಡಕ್ಕಾಗಲ್ಲ.

ಆಸ್ಪತ್ರೆಯಲ್ಲಿ ನಿಮ್ಮ ತಂದೆಗೋ ತಾಯಿಗೋ ಒಂದಿಷ್ಟು ಪ್ರಶ್ನೆ ಕೇಳಿರುತ್ತಾರೆ. ಇವತ್ತು ಯಾವ ವಾರ, ಇದು ಯಾವ ಊರು, ಮೂರು ವಸ್ತುಗಳ ಹೆಸರು ನೆನಪಿಟ್ಟುಕೊಳ್ಳಿ, ನೂರರಿಂದ ಏಳೇಳು ಕಳೆಯುತ್ತಾ ಹೋಗಿ. ಅದು 1975ರಲ್ಲಿ ಅಮೆರಿಕದಲ್ಲಿ ಫೋಲ್‌ಸ್ಟೀನ್ ದಂಪತಿ ಮತ್ತು ಮೆಕ್‌ಹ್ಯೂ ಮಾಡಿದ ಪರೀಕ್ಷೆ, ಎಂಎಂಎಸ್‌ಇ ಅಂತಾರೆ. ಒಟ್ಟು 30 ಅಂಕ. ಆಲ್ಝೈಮರ್ ಇರುವವರಲ್ಲಿ ವರ್ಷಕ್ಕೆ ಸರಾಸರಿ 3 ಅಂಕದ ಆಜುಬಾಜು ಇಳಿಯುತ್ತೆ. ಮನೆಯವರು ಚೀಟಿ ನೋಡುತ್ತಾರೆ, 18 ಅಂತ ಇರುತ್ತೆ. "ಹದಿನೆಂಟು ಅಂದ್ರ ಹೆಂಗ್ರೀ, ಪರವಾಗಿಲ್ವಾ?" ಅಂತ ಕೇಳುತ್ತಾರೆ.

ನಮ್ಮ ಕಡೆಯವರಿಗೆ ಇದನ್ನು ಹೇಳೋದು ಸುಲಭ. ಮಳೆಗಾಲದಲ್ಲಿ ಬೆಳಿಗ್ಗೆ ಪೇಪರ್ ತೆಗೆದರೆ ಮೊದಲು ನೋಡುವುದು ತುಂಗಭದ್ರಾ ಡ್ಯಾಂ ಮಟ್ಟ, ಅಲ್ವಾ? ಪೂರ್ತಿ ತುಂಬಿದರೆ 1633 ಅಡಿ ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ಆದರೆ ಇವತ್ತಿನ ಮಟ್ಟ ಒಂದೇ ನೋಡಿ ಯಾವ ರೈತನೂ ಎರಡನೇ ಬೆಳೆಗೆ ಸಸಿ ಮಡಿ ಹಾಕುವುದಿಲ್ಲ. ಒಳಹರಿವು ಎಷ್ಟು, ಹೊರಹರಿವು ಎಷ್ಟು, ಕಳೆದ ವರ್ಷ ಇದೇ ದಿನ ಎಷ್ಟಿತ್ತು, ಅದನ್ನೂ ನೋಡುತ್ತಾನೆ. ಒಂದು ದಿನದ ಮಟ್ಟದಲ್ಲಿ ವೇಗ ಗೊತ್ತಾಗಲ್ಲ. 18 ಅನ್ನುವ ಅಂಕವೂ ಹಾಗೇ. 18ಕ್ಕೆ ಬರೋಕೆ ಎಷ್ಟು ದಿನ ಹಿಡಿಯಿತು ಅನ್ನುವುದು ಮುಖ್ಯ.

ಈ ಮಾತನ್ನೇ ಲೆಕ್ಕಕ್ಕೆ ತಂದವರು ಹ್ಯೂಸ್ಟನ್‌ನ ಬೇಲರ್ ವೈದ್ಯಕೀಯ ಕಾಲೇಜಿನ ರೇಚೆಲ್ ಡೂಡಿ ಮತ್ತು ಅವರ ಜೊತೆಗಾರರು. 2001ರಲ್ಲಿ ಪ್ರಕಟಿಸಿದರು. ಲೆಕ್ಕ ಎಷ್ಟು ಸರಳ ಅಂದರೆ, ಇಷ್ಟೇನಾ ಅನಿಸುತ್ತೆ. ಆ ವಯಸ್ಸಿಗೆ, ಆ ಓದಿಗೆ, ಕಾಯಿಲೆ ಇಲ್ಲದಿದ್ದರೆ ಎಷ್ಟು ಅಂಕ ಬರಬೇಕಿತ್ತು? ಅದರಲ್ಲಿ ಇವತ್ತಿನ ಅಂಕ ಕಳೆಯಿರಿ. ಮೊದಲ ಲಕ್ಷಣ ಕಂಡು ಎಷ್ಟು ವರ್ಷ ಆಯಿತೋ ಅದರಿಂದ ಭಾಗಿಸಿ. ಮುಗೀತು. ಒಬ್ಬರು ಮೇಷ್ಟ್ರು, ಚೆನ್ನಾಗಿ ಓದಿದವರು, 30 ಬರಬೇಕಿತ್ತು ಅಂತಿಟ್ಟುಕೊಳ್ಳಿ. ಈಗ 18. ಮರೆವು ಶುರುವಾಗಿ 4 ವರ್ಷ ಆಗಿದ್ದರೆ ವರ್ಷಕ್ಕೆ 3 ಅಂಕ. ಅದೇ 18, ಆದರೆ ಶುರುವಾಗಿ ಎರಡೇ ವರ್ಷ ಅಂದರೆ ವರ್ಷಕ್ಕೆ 6. ವರ್ಷಕ್ಕೆ 2ಕ್ಕಿಂತ ಕಮ್ಮಿ ಇದ್ದರೆ ನಿಧಾನ, 2ರಿಂದ 5ರೊಳಗೆ ಮಧ್ಯಮ, 5 ಮತ್ತು ಅದಕ್ಕಿಂತ ಮೇಲೆ ಇದ್ದರೆ ವೇಗ ಅಂತ ಅವರು ಮೂರು ಗುಂಪು ಮಾಡಿದರು. ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಮೊದಲ ಭೇಟಿಯಲ್ಲೇ ನಿಧಾನ ಗುಂಪಿನಲ್ಲಿ ಇದ್ದವರು ಮುಂದೆಯೂ ಹೆಚ್ಚುಕಮ್ಮಿ ನಿಧಾನವಾಗೇ ಇಳಿದಿದ್ದರು. ಹಿಂದೆ ಹೇಗೆ ಬಂತೋ ಮುಂದೆಯೂ ಸುಮಾರಾಗಿ ಹಾಗೇ ಹೋಗುತ್ತೆ. ಒಬ್ಬೊಬ್ಬರ ವಿಷಯದಲ್ಲಿ ಇದು ತಪ್ಪಬಹುದು, ಗುಂಪಿನ ಮಟ್ಟಿಗೆ ಚೆನ್ನಾಗಿ ನಿಲ್ಲುತ್ತೆ. ಸ್ಕ್ಯಾನ್ ಬೇಡ, ದುಡ್ಡು ಬೇಡ. ಹಾಗಾಗಿ ನನಗೆ ಈ ಲೆಕ್ಕ ತುಂಬಾ ಇಷ್ಟ.

ಇದರಲ್ಲಿ ಕಷ್ಟದ ಜಾಗ ಒಂದೇ. "ಮರೆವು ಶುರುವಾಗಿ ಎಷ್ಟು ವರ್ಷ ಆಯ್ತು?"

ಈ ಪ್ರಶ್ನೆ ಕೇಳಿದ ತಕ್ಷಣ ರೂಮಿನಲ್ಲೇ ಜಗಳ ಶುರುವಾಗುತ್ತೆ. ಮಗ ಆರು ತಿಂಗಳು ಅಂತಾನೆ. ಸೊಸೆ ತಲೆ ಅಲ್ಲಾಡಿಸುತ್ತಾಳೆ, ಎರಡು ವರ್ಷ ಅಂತಾಳೆ. ಹುಬ್ಬಳ್ಳಿಯಲ್ಲಿರುವ ಮಗಳು ಫೋನಿನಲ್ಲಿ, "ಅಪ್ಪ ಆರಾಮ್ ಇದ್ದಾರ, ದಿನಾ ಮಾತಾಡ್ತೀನಿ, ಏನೂ ಆಗಿಲ್ಲ" ಅಂತಾಳೆ. ಸುಳ್ಳು ಯಾರೂ ಹೇಳುತ್ತಿಲ್ಲ. ಫೋನಿನಲ್ಲಿ ಐದು ನಿಮಿಷ "ಉಂಡ್ಯಾ, ಹುಷಾರಾ, ಮಕ್ಕಳು ಹೆಂಗದಾವ" ಅನ್ನೋಕೆ ನೆನಪಿನ ಶಕ್ತಿ ಬೇಕಾಗಿಲ್ಲ, ಅದು ಬಾಯಿಗೆ ರೂಢಿಯಾದ ಮಾತು. ಸೊಸೆಗೆ ಯಾಕೆ ಗೊತ್ತು ಅಂದರೆ ಒಲೆ ಮೇಲೆ ಹಾಲು ಎಷ್ಟು ಸಲ ಉಕ್ಕಿತು ಅನ್ನುವುದನ್ನು ನೋಡಿದವಳು ಅವಳು. ನನ್ನ ಅನುಭವದಲ್ಲಿ ಸೊಸೆಯ ಲೆಕ್ಕವೇ ಹೆಚ್ಚು ಸಲ ಸರಿ. ಗಂಡುಮಕ್ಕಳು ಬೇಜಾರು ಮಾಡಿಕೊಳ್ಳಬೇಡಿ.

ತಾರೀಕು ಕೇಳಿದರೆ ಯಾರೂ ಹೇಳಲಾರರು. ಹಾಗಾಗಿ ಕೆಲಸ ಹಿಡಿದು ಕೇಳಬೇಕು, ಕೆಲಸವನ್ನು ಎಲ್ಲರಿಗೂ ನೆನಪಿರುವ ಒಂದು ಘಟನೆಗೆ ಕಟ್ಟಬೇಕು. ಕೊಪ್ಪಳದ ಗವಿಮಠದ ಜಾತ್ರೆಗೆ ಕೊನೆಯ ಸಲ ಒಬ್ಬರೇ ಹೋಗಿ ಬಂದದ್ದು ಯಾವಾಗ? 2020ರ ಲಾಕ್‌ಡೌನ್ ಹೊತ್ತಿಗೆ ಅಂಗಡಿ ಲೆಕ್ಕ ಅವರೇ ನೋಡುತ್ತಿದ್ದರಾ? ಡ್ಯಾಂ ಕ್ರಸ್ಟ್‌ಗೇಟ್ ಕೊಚ್ಚಿಹೋಯಿತಲ್ಲ, 2024ರ ಆಗಸ್ಟ್, ಆ ಸುದ್ದಿಯನ್ನು ಮಾರನೇ ದಿನ ನೆನಪಿಟ್ಟುಕೊಂಡು ಮಾತಾಡಿದರಾ, ಇಲ್ಲ ಪ್ರತಿ ಸಲ ಹೊಸದಾಗಿ ಕೇಳಿದ ಹಾಗೆ ಗಾಬರಿಯಾದರಾ? ಕೊನೆಯ ಸಲ ಭತ್ತದ ಚೀಲ ಎಣಿಸಿ ದಲಾಲಿ ಜೊತೆ ಲೆಕ್ಕ ಮುಗಿಸಿದ್ದು ಯಾವ ಬೆಳೆಗೆ? ಹೀಗೆ ಕೇಳುತ್ತಾ ಹೋದರೆ ಆರು ತಿಂಗಳು ಅಂದ ಮಗನೇ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದ್ರಿ, ಆ ವರ್ಷ ಗೊಬ್ಬರದ ದುಡ್ಡು ಎರಡು ಸಲ ಕೊಟ್ಟು ಬಂದಿದ್ರು" ಅಂತಾನೆ. ಹೌದು, ಅದೇ ಮೊದಲ ಲಕ್ಷಣ. ಅವತ್ತು ಮನೆಯಲ್ಲಿ ಅದಕ್ಕೆ ಬೈದಿರುತ್ತಾರೆ ಅಷ್ಟೇ.

ಇನ್ನೊಂದು ಮೋಸ ಇದೆ. "ಅವ್ವ ತೀರಿಕೊಂಡ ಮೇಲೆ ಅಪ್ಪ ಒಮ್ಮೆಲೇ ಕುಸಿದುಬಿಟ್ಟರು" ಅಂತ ಎಷ್ಟೋ ಮನೆಯಲ್ಲಿ ಹೇಳುತ್ತಾರೆ. ದುಃಖ ಇರುತ್ತೆ, ಇಲ್ಲ ಅನ್ನಲ್ಲ. ಆದರೆ ಸ್ವಲ್ಪ ಕೆದಕಿ ನೋಡಿದರೆ ವಿಷಯ ಬೇರೇನೇ. ಅವ್ವ ಇದ್ದಾಗ ಬೆಳಿಗ್ಗೆ ಅಂಗಿ ತೆಗೆದಿಡೋದು ಅವ್ವ, ಗುಳಿಗೆ ಕೈಗೆ ಕೊಡೋದು ಅವ್ವ, ಬಂದ ನೆಂಟರ ಹೆಸರನ್ನು ಅವರು ಹೊಸ್ತಿಲು ದಾಟುವುದರೊಳಗೆ ಮೆಲ್ಲಗೆ ಹೇಳಿಕೊಡುತ್ತಿದ್ದುದೂ ಅವ್ವ. ಮೂರು ನಾಲ್ಕು ವರ್ಷದ ಕಾಯಿಲೆಯನ್ನು ಆಕೆ ಒಬ್ಬಳೇ ಮುಚ್ಚಿಟ್ಟಿದ್ದಳು. ಬೇಕಂತಲೂ ಅಲ್ಲ, ರೂಢಿಯಲ್ಲಿ. ಆಕೆ ಹೋದ ಮೇಲೆ ಅದು ಒಂದೇ ವಾರದಲ್ಲಿ ಎಲ್ಲರ ಕಣ್ಣಿಗೆ ಬಿತ್ತು. ಆಗ ನಾವು "ಮೂರು ತಿಂಗಳಿಂದ" ಅಂತ ಬರೆದುಕೊಂಡರೆ ಲೆಕ್ಕದಲ್ಲಿ ಭಯಂಕರ ವೇಗ ಕಾಣುತ್ತೆ, ಮನೆಯವರು ಇನ್ನೇನು ವರ್ಷದಲ್ಲಿ ಮುಗೀತು ಅಂತ ಎದೆ ಒಡೆದುಕೊಳ್ಳುತ್ತಾರೆ. ನಿಜವಾದ ವೇಗ ಅದರ ಅರ್ಧವೂ ಇರುವುದಿಲ್ಲ. ಮಕ್ಕಳ ಮನೆಯಲ್ಲಿ ತಿಂಗಳಿಗೊಬ್ಬರಂತೆ ಇಟ್ಟುಕೊಳ್ಳುವವರಲ್ಲೂ ಇದೇ ಪಾಡು. ಯಾರಿಗೂ ಪೂರ್ತಿ ಕಥೆ ಗೊತ್ತಿರಲ್ಲ.

ಓದಿನ ವಿಷಯಕ್ಕೆ ಬರೋಣ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 60. ಈಗ 75 ವಯಸ್ಸಾಗಿರುವ ಹೆಣ್ಣುಮಕ್ಕಳಲ್ಲಿ ಇನ್ನೂ ಎಷ್ಟೋ ಕಮ್ಮಿ. ಶಾಲೆಗೇ ಹೋಗದ ಅಜ್ಜಿಯ ಕೈಗೆ ಪೆನ್ನು ಕೊಟ್ಟು "ಒಂದು ವಾಕ್ಯ ಬರೀರಿ, ಈ ಚಿತ್ರ ಹಂಗೇ ಬಿಡಸ್ರಿ" ಅಂದರೆ ಆಕೆಗೆ ಅಂಕ ಹೋಗುವುದು ಕಾಯಿಲೆಯಿಂದಲ್ಲ. ಅದಕ್ಕೇ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದವರು 1990ರ ದಶಕದಲ್ಲಿ ಪರೀಕ್ಷೆಯನ್ನೇ ಬದಲಾಯಿಸಿದರು. ನೂರರಿಂದ ಏಳು ಕಳೆಯೋ ಬದಲು ಇಪ್ಪತ್ತರಿಂದ ಮೂರು, ವಾಕ್ಯ ಬರೆಯೋ ಬದಲು ನಿಮ್ಮ ಮನೆ ಬಗ್ಗೆ ಏನಾದರೂ ಹೇಳಿ ಅನ್ನುವುದು. ಈಗ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ. ನಿಮ್ಮವರಿಗೆ ಯಾವ ಪರೀಕ್ಷೆ ಮಾಡಿದರು ಅಂತ ಕೇಳಿ ಬರೆದುಕೊಳ್ಳಿ. ಒಂದು ಸಲ ಒಂದು ಪರೀಕ್ಷೆ, ಮುಂದಿನ ಸಲ ಇನ್ನೊಂದು ಮಾಡಿ ಎರಡರ ಅಂಕ ಹೋಲಿಸಿದರೆ ಏನೂ ಪ್ರಯೋಜನ ಇಲ್ಲ.

ಹೆಚ್ಚು ಓದಿದವರಿಗೆ ಇದು ತಡವಾಗಿ ಕಾಣಿಸಿಕೊಳ್ಳುತ್ತೆ. ನಮ್ಮ ಕಡೆಗೆ ಹತ್ತಿರದ ಇನ್ನೊಂದು ಸಂಗತಿ ಇದೆ. ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಬರೆದ ಪ್ರಕಾರ, ಎರಡು ಭಾಷೆ ಆಡುವವರಿಗೆ ಮರೆವಿನ ಕಾಯಿಲೆ ಶುರುವಾದದ್ದು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ. ಓದು ಬರಹ ಇಲ್ಲದವರಲ್ಲೂ ಹೀಗೇ ಕಂಡಿತು. ಬಳ್ಳಾರಿಯಲ್ಲಿ ಮನೆಯಲ್ಲಿ ತೆಲುಗು, ಬಜಾರಿನಲ್ಲಿ ಕನ್ನಡ, ರಾಯಚೂರಿನಲ್ಲಿ ಅದರ ಜೊತೆ ಉರ್ದು. ಖುಷಿ ಪಡಬಹುದು. ಆದರೆ ತಡವಾಗಿ ಶುರುವಾಗುವುದು ಬೇರೆ, ಶುರುವಾದ ಮೇಲಿನ ವೇಗ ಬೇರೆ. ಹೆಚ್ಚು ಓದಿದವರು ಒಮ್ಮೆ ಇಳಿಯೋಕೆ ಶುರುವಾದರೆ ಬೇಗ ಇಳಿಯುತ್ತಾರೆ ಅಂತ ಹಲವು ಅಧ್ಯಯನಗಳು ಹೇಳಿವೆ. ಯಾಕೆ? ಒಳಗೆ ಕಾಯಿಲೆ ವರ್ಷಗಳಿಂದ ಬೆಳೆಯುತ್ತಿದ್ದರೂ ಮೆದುಳು ಹೇಗೋ ಸಂಭಾಳಿಸಿಕೊಂಡು ಬಂದಿರುತ್ತೆ. ಹೊರಗೆ ಕಾಣುವ ಹೊತ್ತಿಗೆ ಸಂಭಾಳಿಸೋಕೆ ಏನೂ ಉಳಿದಿರಲ್ಲ. "ಎಂ.ಎ. ಮಾಡಿದವರಿಗೆ ಹಿಂಗ್ಯಾಕಾತು" ಅಂತ ಕೇಳುವವರಿಗೆ ಇದೇ ನನ್ನ ಉತ್ತರ.

ವೇಗ ಹೆಚ್ಚು ಅಂತ ಸೂಚನೆ ಕೊಡುವ ಇನ್ನು ಕೆಲವು ಇವೆ. 65ಕ್ಕಿಂತ ಮೊದಲೇ ಶುರುವಾದದ್ದು. ಆರಂಭದಲ್ಲೇ ಇಲ್ಲದವರು ಕಾಣಿಸೋದು, ಮನೆಯವರೇ ಕಳ್ಳರು ಅಂತ ಸಂಶಯ. ಕೈಕಾಲು ಬಿಗಿ, ನಡಿಗೆ ನಿಧಾನ. ಮೆದುಳಿನ ರಕ್ತನಾಳದ ತೊಂದರೆಯೂ ಜೊತೆಗಿರುವುದು. ಇದ್ದರೆ ಹೀಗೇ ಆಗುತ್ತೆ ಅಂತಲ್ಲ, ಸಾಧ್ಯತೆ ಜಾಸ್ತಿ.

ಕಂಪ್ಯೂಟರ್ ಹೇಳಲ್ವಾ ಅಂತ ಹುಡುಗರು ಕೇಳುತ್ತಾರೆ. ಪ್ರಯತ್ನ ಆಗಿದೆ. 2017ರಲ್ಲಿ ಟ್ಯಾಡ್‌ಪೋಲ್ ಅಂತ ಒಂದು ಸ್ಪರ್ಧೆ ಇಟ್ಟರು. ರೋಗಿಗಳ ಸ್ಕ್ಯಾನ್, ಬೆನ್ನುಹುರಿ ನೀರಿನ ಪರೀಕ್ಷೆ, ಜೀನು, ಅಂಕಗಳು, ಎಲ್ಲ ಮಾಹಿತಿ ಕೊಟ್ಟು ಮುಂದೇನಾಗುತ್ತೆ ಹೇಳಿ ಅಂದರು. 33 ತಂಡಗಳು ಬಂದವು. ಮೆದುಳಿನೊಳಗಿನ ನೀರಿನ ಕುಹರ ಎಷ್ಟು ದೊಡ್ಡದಾಗುತ್ತೆ ಅನ್ನುವುದನ್ನು ಚೆನ್ನಾಗಿ ಹೇಳಿದರು. ಮುಂದೆ ನೆನಪಿನ ಪರೀಕ್ಷೆಯಲ್ಲಿ ಎಷ್ಟು ಅಂಕ ಬರುತ್ತೆ ಅನ್ನುವುದನ್ನು ಮಾತ್ರ ಒಂದು ತಂಡವೂ ಸುಮ್ನೆ ಊಹೆ ಹೊಡೆಯುವುದಕ್ಕಿಂತ ಖಚಿತವಾಗಿ ಮೇಲು ಅನ್ನುವಂತೆ ಹೇಳಲಿಲ್ಲ. ಮೆದುಳಿನ ಗಾತ್ರ ನಿಯಮದಂತೆ ಬದಲಾಗುತ್ತೆ, ಅಂಕ ಹಾಗಲ್ಲ. ರಾತ್ರಿ ನಿದ್ದೆ ಆಗಿರದಿದ್ದರೆ, ಕಿವಿ ಸರಿ ಕೇಳದಿದ್ದರೆ, ಬಸ್ಸಿನಲ್ಲಿ ಮೂರು ತಾಸು ಕೂತು ಬಂದಿದ್ದರೆ ಅಂಕ ಅಲ್ಲೇ ಎರಡು ಮೂರು ಬಿದ್ದುಹೋಗುತ್ತೆ. ಅಮಿಲಾಯ್ಡ್ ಸ್ಕ್ಯಾನ್ ಬಗ್ಗೆಯೂ ಕೇಳುತ್ತಾರೆ. ಲಕ್ಷಣ ಕಾಣುವ ಹೊತ್ತಿಗೆ ಅಮಿಲಾಯ್ಡ್ ಹೆಚ್ಚುಕಮ್ಮಿ ಕೂತು ಮುಗಿದಿರುತ್ತೆ, ಅದರಿಂದ ವೇಗ ತಿಳಿಯಲ್ಲ. ಟೌ ಎಲ್ಲೆಲ್ಲಿ ಹರಡಿದೆ ಅನ್ನುವುದು ಲಕ್ಷಣಗಳಿಗೆ ಹೆಚ್ಚು ಹತ್ತಿರ. ರಕ್ತದ ಪರೀಕ್ಷೆಯೂ ಬಂದಿದೆ, 2025ರಲ್ಲಿ ಅಮೆರಿಕದಲ್ಲಿ ಮೊದಲನೆಯದಕ್ಕೆ ಅನುಮತಿ ಸಿಕ್ಕಿತು. ಅದು ಕಾಯಿಲೆ ಇದೆಯಾ ಅಂತ ತಿಳಿಯುವುದಕ್ಕೆ. ನಿಮ್ಮ ಅವ್ವ ಮುಂದಿನ ಯುಗಾದಿಗೆ ಹೇಗಿರುತ್ತಾರೆ ಅನ್ನುವುದಕ್ಕಲ್ಲ.

ಈಗ ಹೇಳುವುದನ್ನು ದಯವಿಟ್ಟು ಗಮನ ಇಟ್ಟು ಕೇಳಿ. ಆಲ್ಝೈಮರ್ ತಿಂಗಳು, ವರ್ಷಗಳ ಲೆಕ್ಕದಲ್ಲಿ ಇಳಿಯುತ್ತೆ. ಒಂದು ವಾರದಲ್ಲಿ, ಎರಡು ದಿನದಲ್ಲಿ ಇಳಿಯಲ್ಲ. ಸೋಮವಾರ ತಾವೇ ಊಟ ಮಾಡುತ್ತಿದ್ದವರು ಗುರುವಾರ ತಟ್ಟೆ ನೋಡುತ್ತಾ ಕೂತರೆ, ಮಂಪರು ಬಂದ ಹಾಗಿದ್ದರೆ, ರಾತ್ರಿಯೆಲ್ಲ ಕೂಗಾಡಿದರೆ, "ಕಾಯಿಲಿ ಮುಂದಕ್ಕ ಹೋತು" ಅಂತ ಮನೆಯಲ್ಲಿ ಕೂರಬೇಡಿ. ಅದು ಬೇರೆ ಏನೋ. ಮೂತ್ರದ ಸೋಂಕು ಇರಬಹುದು, ಈ ವಯಸ್ಸಿನಲ್ಲಿ ಜ್ವರವೇ ಬರದೆ ಇರಬಹುದು. ಮಲಬದ್ಧತೆ ಇರಬಹುದು. ಹದಿನೈದು ದಿನದ ಹಿಂದೆ ಬಚ್ಚಲಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ಕಟ್ಟಿರಬಹುದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲು ಗೊತ್ತಲ್ಲ, ಅದರ ಜೊತೆ ಮೂತ್ರ ಹೆಚ್ಚು ಮಾಡುವ ಬಿಪಿ ಗುಳಿಗೆ, ನೀರು ಕೇಳಬೇಕು ಅನ್ನುವುದೇ ಮರೆತ ಅಜ್ಜ. ಸೋಡಿಯಂ ಏರುಪೇರಾಗಿ ಮಾತು ತೊದಲುತ್ತೆ. ರಕ್ತ ಪರೀಕ್ಷೆ ಮಾಡಿ ಸರಿಪಡಿಸಿದರೆ ಎಷ್ಟೋ ಮಂದಿ ಹಿಂದಿನ ಸ್ಥಿತಿಗೆ ಹತ್ತಿರ ಬರುತ್ತಾರೆ. ಇದನ್ನು ಹಿಡಿಯದೇ ಬಿಟ್ಟರೆ ನಷ್ಟ ಉಳಿದುಬಿಡುತ್ತೆ. ಆಲ್ಝೈಮರ್ ಇದ್ದವರು ಆಸ್ಪತ್ರೆಯಲ್ಲಿ ಇದ್ದಾಗ ಇಂಥ ಗೊಂದಲ, ಅಂದರೆ ಡೆಲಿರಿಯಂ, ಬಂದುಹೋದರೆ ನಂತರದ ವರ್ಷದ ಇಳಿತ ಸುಮಾರು ದುಪ್ಪಟ್ಟು ಅಂತ 2012ರ ಅಮೆರಿಕದ ಅಧ್ಯಯನವೊಂದು ಹೇಳಿದೆ.

ಗುಳಿಗೆಗಳನ್ನೂ ನೋಡಿ. ನೆಗಡಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ, ನಿದ್ದೆ ಬರಿಸುವ ಕೆಂಪು ಹಳದಿ ಗುಳಿಗೆ, ಪದೇಪದೇ ಮೂತ್ರ ಬರುತ್ತೆ ಅಂತ ಕೊಟ್ಟದ್ದು, ಕೈ ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಹಳೇ ಕಾಲದ ಅಮಿಟ್ರಿಪ್ಟಿಲಿನ್. ಇವುಗಳಲ್ಲಿ ಹಲವು ನೆನಪಿಗೆ ಬೇಕಾದ ರಾಸಾಯನಿಕಕ್ಕೇ ಅಡ್ಡ ನಿಲ್ಲುತ್ತವೆ. ಒಂದು ಕಡೆ ನೆನಪಿಗೆ ಡೊನೆಪೆಜಿಲ್ ಕೊಟ್ಟು ಇನ್ನೊಂದು ಕಡೆ ಅದನ್ನೇ ಕಟ್ಟಿಹಾಕುವ ಗುಳಿಗೆ ಕೊಟ್ಟರೆ ಏನು ಬಂತು? ಆದರೆ ನೀವೇ ನಿಲ್ಲಿಸಬೇಡಿ. ಎಲ್ಲ ಸ್ಟ್ರಿಪ್ಪುಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಬಂದು ಡಾಕ್ಟರ ಟೇಬಲ್ ಮೇಲೆ ಸುರಿಯಿರಿ.

ಯಾವುದು ಮೊದಲು ಹೋಗುತ್ತೆ ಅನ್ನುವುದಕ್ಕೂ ಒಂದು ಕ್ರಮ ಇದೆ. ನ್ಯೂಯಾರ್ಕಿನ ಬ್ಯಾರಿ ರೈಸ್‌ಬರ್ಗ್ 1980ರ ದಶಕದಲ್ಲಿ ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆದರು. ಮೊದಲು ದುಡ್ಡಿನ ಲೆಕ್ಕ. ಆಮೇಲೆ ಹೊತ್ತಿಗೆ ತಕ್ಕ ಬಟ್ಟೆ ಆರಿಸೋದು. ಆಮೇಲೆ ಬಟ್ಟೆ ತೊಡೋದು, ಸ್ನಾನ, ಕಕ್ಕಸು. ಬಹಳ ಕೊನೆಗೆ ಮಾತು, ನಡಿಗೆ. ಈ ಕ್ರಮ ತಪ್ಪಿದರೆ ಎಚ್ಚರ ಆಗಿ. ಲೆಕ್ಕಪತ್ರ ಇನ್ನೂ ಚೆನ್ನಾಗಿದೆ, ಆದರೆ ಮೂತ್ರ ಹಿಡಿತ ತಪ್ಪಿದೆ, ಕಾಲು ನೆಲಕ್ಕೆ ಅಂಟಿದ ಹಾಗೆ ನಡೀತಾರೆ ಅಂದರೆ ಮೆದುಳಲ್ಲಿ ನೀರು ತುಂಬಿಕೊಂಡ ಬೇರೆ ಕಾಯಿಲೆ ಇರಬಹುದು, ಅದಕ್ಕೆ ಆಪರೇಷನ್ ಇದೆ.

ಹಾಗಾದರೆ ಮನೆಯಲ್ಲಿ ಏನು ಮಾಡೋದು? ಒಂದು ನೋಟ್‌ಬುಕ್. ಪ್ರತಿ ತಿಂಗಳ ಅಮಾವಾಸ್ಯೆಗೋ ಒಂದನೇ ತಾರೀಕಿಗೋ ಅವೇ ಐದಾರು ವಿಷಯ ಬರೆಯಿರಿ. ಅಂಗಿ ಗುಂಡಿ ತಾವೇ ಹಾಕಿಕೊಂಡರಾ, ಚಿಲ್ಲರೆ ಎಣಿಸಿದರಾ, ಓಣಿಯಲ್ಲಿ ದಾರಿ ತಪ್ಪಿದರಾ, ರಾತ್ರಿ ಎಷ್ಟು ಸಲ ಎದ್ದರು, ತೂಕ ಎಷ್ಟು. ಇನ್ನೊಬ್ಬ ಮಗನ ಮನೆಗೆ ಹೋಗುವಾಗ ಬಟ್ಟೆ ಜೊತೆ ಅದೂ ಹೋಗಲಿ. ಆರು ತಿಂಗಳ ಇಂಥ ಬರಹ ತಂದುಕೊಟ್ಟರೆ ನಾನು ಮುಂದಿನ ವರ್ಷದ ಬಗ್ಗೆ ಧೈರ್ಯವಾಗಿ ಏನಾದರೂ ಹೇಳಬಲ್ಲೆ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

"ಹೊಸ ಇಂಜೆಕ್ಷನ್ ಬಂದೈತಂತಲ್ರಿ ಸರ, ಅದು ನಿಲ್ಲಸ್ತದೇನು?" ನಿಲ್ಲಿಸಲ್ಲ, ನಿಧಾನ ಮಾಡುತ್ತೆ. ಲೆಕಾನೆಮಾಬ್ ಅನ್ನುವ ಇಂಜೆಕ್ಷನ್‌ಗೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಸಿಕ್ಕಿತು. 18 ತಿಂಗಳಲ್ಲಿ ಇಳಿತ 27% ಕಮ್ಮಿ ಅಂತ ಓದಿರುತ್ತೀರಿ. ಅದೇ ಫಲಿತಾಂಶವನ್ನು ಬೇರೆ ಥರ ಹೇಳಿದರೆ, ಕಾಯಿಲೆ ಎಷ್ಟು ಮುಂದುವರಿದಿದೆ ಅಂತ ಅಳೆಯುವ, ಒಟ್ಟು 18 ಅಂಕದ ಇನ್ನೊಂದು ಅಳತೆಯಲ್ಲಿ 0.45ರ ವ್ಯತ್ಯಾಸ. ಎರಡೂ ನಿಜ. ಆರಂಭದ ಹಂತದವರಿಗೆ ಮಾತ್ರ, ಎರಡು ವಾರಕ್ಕೊಮ್ಮೆ ಹನಿ ಹನಿಯಾಗಿ ಕೊಡಬೇಕು, ಮತ್ತೆ ಮತ್ತೆ ಎಂಆರ್‌ಐ ಬೇಕು, ಮೆದುಳಲ್ಲಿ ಊತ, ರಕ್ತಸ್ರಾವ ಆಗುವ ಅಪಾಯ ಇದೆ. ಹೊಲ ಮಾರಿ ಕೊಡಿಸಬೇಕಾ ಅಂದರೆ ಬೇಡ ಅಂತೀನಿ ನಾನು.

"ನೋಡಿಕೊಳ್ಳೋದು ನಾನೊಬ್ಬಳೇ. ಯಾರ ಹತ್ರ ಹೇಳ್ಕೊಳ್ಳಲಿ?" ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹಿರಿಯರ ಸಹಾಯವಾಣಿ 14567. ಆಕೆ ಎರಡೂ ನಂಬರನ್ನು ಅಂಗೈ ಮೇಲೆ ಬರೆದುಕೊಂಡರು.

"ಅಪ್ಪನ ಹೆಸರಲ್ಲಿ ಹೊಲ ಐತಿ. ಜಿಪಿಎ ಮಾಡಿಸ್ಕೊಂಡ್ರ ಆತಲ್ಲ?" ಇದನ್ನು ಕೇಳಿದ್ದು ಒಳ್ಳೆಯದಾಯಿತು. ಜಿಪಿಎ ಅಂದರೆ ನಮ್ಮ ಪರವಾಗಿ ವ್ಯವಹಾರ ಮಾಡೋಕೆ ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರ. ವೇಗದ ಅಂದಾಜು ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಇಲ್ಲೇ. ನಮ್ಮ ಕಾನೂನಿನಲ್ಲಿ ಅಧಿಕಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಜಿಪಿಎ ಕೂಡ ಬಿದ್ದುಹೋಗುತ್ತೆ. ಉಯಿಲು ಬರೆಯೋಕೂ ತಿಳಿವಳಿಕೆ ನೆಟ್ಟಗಿರಬೇಕು. ವರ್ಷಕ್ಕೆ 2 ಅಂಕ ಇಳಿಯುವವರಿಗೆ ಸ್ವಲ್ಪ ಸಮಯ ಇದೆ, 6 ಇಳಿಯುವವರಿಗೆ ಮುಂದಿನ ಬೆಳೆ ಬರಲಿ ನೋಡೋಣ ಅನ್ನುವಷ್ಟೂ ಇಲ್ಲ. ವಕೀಲರ ಹತ್ತಿರ ಈ ವಾರವೇ ಹೋಗಿ, ಅಪ್ಪನಿಗೆ ಏನು ಬೇಕು ಅಂತ ಅವರ ಬಾಯಿಂದಲೇ ಕೇಳಿ. ಪೆನ್ಷನ್ ಖಾತೆಗೆ ಜಂಟಿ ಹೆಸರು ಹಾಕಿಸಬಹುದಾ ಅಂತ ಬ್ಯಾಂಕಿನಲ್ಲಿ ಕೇಳಿ. ನವೆಂಬರ್‌ನಲ್ಲಿ ಲೈಫ್ ಸರ್ಟಿಫಿಕೇಟ್‌ಗೆ ಬೆರಳಿಡಬೇಕಲ್ಲ, ಅಪರಿಚಿತ ಜಾಗದಲ್ಲಿ ಸಾಲಲ್ಲಿ ನಿಲ್ಲಿಸಿದರೆ ಗಾಬರಿಯಾಗುತ್ತಾರೆ. ಈಗ ಅದನ್ನು ಮನೆಯಲ್ಲೇ ಮೊಬೈಲಿನಲ್ಲಿ ಮುಖ ತೋರಿಸಿ ಮಾಡಬಹುದು.